ಬಡಾವಣೆಯ ಸ್ವಯಂಸೇವಕರ ಭಾವಚಿತ್ರ: ಪಟ್ಟಿ ಮಾಡುವುದರಿಂದ ಗೋಡೆಗೆ ಏರಿಸುವವರೆಗೆ

ಸನ್ಮಾನದ ಫೋಟೋ ಒಂದನ್ನು ಗಮನವಿಟ್ಟು ನೋಡಿ. ಹಾರ ಹಾಕಿಸಿಕೊಳ್ಳಲು ತಲೆ ಬಗ್ಗಿಸಿದವರ ನೆತ್ತಿ ಕಾಣುತ್ತದೆ. ಹಾರ ಹಾಕುತ್ತಿರುವ ಅತಿಥಿ ಕ್ಯಾಮೆರಾ ಕಡೆ ನಗುತ್ತಿರುತ್ತಾರೆ. ಶಾಲು, ಪೇಟ, ಏಲಕ್ಕಿ ಹಾರ, ಫಲತಾಂಬೂಲದ ತಟ್ಟೆ ಇಷ್ಟರ ನಡುವೆ, ವರ್ಷಗಟ್ಟಲೆ ಕೆರೆ ಕಾಯ್ದವರ ಮುಖ ಎಲ್ಲಿದೆ ಎಂದು ಹುಡುಕಬೇಕು. ಆ ಮುಖವನ್ನು ನೆಟ್ಟಗೆ, ಅವರ ಕೆಲಸದ ಜಾಗದಲ್ಲೇ ತೆಗೆದು, ಹೆಸರು ಸರಿಯಾಗಿ ಬರೆದು, ಹತ್ತು ಜನ ನೋಡುವ ಗೋಡೆಗೆ ಏರಿಸಿ, ಕೊನೆಗೆ ಅವರ ಮನೆ ಸೇರಿಸುವುದು ಹೇಗೆ ಎಂಬುದು ಇಲ್ಲಿದೆ. ದುಬಾರಿ ಕ್ಯಾಮೆರಾ ಬೇಕೇಬೇಕು ಅಂತಿಲ್ಲ. ಆದರೆ ಸಮಯ ಬೇಕು.

ಪಟ್ಟಿ

ಮೊದಲ ಸಲಕ್ಕೆ 12 ಜನ ಸಾಕು. ಮಾತುಕತೆ, ಫೋಟೋ, ಆಯ್ಕೆ, ತಿದ್ದುವುದು, ಅಡಿಬರಹ ಎಲ್ಲ ಸೇರಿ ಒಬ್ಬರಿಗೆ ಸುಮಾರು 4 ಗಂಟೆ ಹಿಡಿಯುತ್ತದೆ. 12 ಜನಕ್ಕೆ 48 ಗಂಟೆ, ಅಂದರೆ ಭಾನುವಾರ ಮಾತ್ರ ಬಿಡುವಿರುವ ಇಬ್ಬರಿಗೆ ಆರು ವಾರದ ಕೆಲಸ. ನವೆಂಬರ್ 1ರ ರಾಜ್ಯೋತ್ಸವಕ್ಕೆ ತೋರಿಸಬೇಕೆಂದಿದ್ದರೆ ಆಗಸ್ಟ್ ಮುಗಿಯುವಷ್ಟರಲ್ಲಿ ಪಟ್ಟಿ ಕೈಯಲ್ಲಿರಲಿ. ಆಮೇಲೆ ಗಣೇಶನ ಹಬ್ಬ, ಪಿತೃಪಕ್ಷ, ದಸರಾ ಸಾಲಾಗಿ ಬರುತ್ತವೆ, ಸ್ವಯಂಸೇವಕರು ಅತ್ಯಂತ ದಣಿಯುವ ಕಾಲವೂ ಅದೇ.

ಪಟ್ಟಿಯನ್ನು ಕ್ಷೇಮಾಭಿವೃದ್ಧಿ ಸಂಘದ ಪದಾಧಿಕಾರಿಗಳ ಕೈಗಷ್ಟೇ ಬಿಟ್ಟರೆ ಅದರಲ್ಲಿ ಪದಾಧಿಕಾರಿಗಳೇ ಇರುತ್ತಾರೆ. ನಂದಿನಿ ಬೂತ್‌ನವರನ್ನು, ದೇವಸ್ಥಾನದ ಎದುರು ಹೂ ಕಟ್ಟುವವರನ್ನು, ಅಂಗನವಾಡಿ ಟೀಚರನ್ನು, ಆಟೋ ಸ್ಟ್ಯಾಂಡಿನವರನ್ನು ಕೇಳಿ: “ಈ ಏರಿಯಾದಲ್ಲಿ ಯಾರಿಗಾದರೂ ಕಷ್ಟ ಬಂದರೆ ಮೊದಲು ಯಾರು ಓಡಿಬರುತ್ತಾರೆ?” ಒಂದಕ್ಕೊಂದು ಸಂಬಂಧವಿಲ್ಲದ ಮೂರು ಬಾಯಲ್ಲಿ ಬಂದ ಹೆಸರು ಪಟ್ಟಿಗೆ ಸೇರಲಿ. ರಕ್ತ ಬೇಕೆಂದಾಗ ರಾತ್ರಿ ಫೋನ್ ಎತ್ತುವವರು, ಬೀದಿನಾಯಿಗಳಿಗೆ ಚುಚ್ಚುಮದ್ದು ಹಾಕಿಸುವವರು, ಶಾಲೆ ಬಿಡುವ ಹೊತ್ತಿಗೆ ರಸ್ತೆ ದಾಟಿಸುವವರು, ಮನೆ ಮನೆಗೆ ಹೋಗಿ ಹಸಿ ಕಸ ಒಣ ಕಸ ಬೇರೆ ಮಾಡಿಸುವವರು ಹೀಗೆಯೇ ಸಿಗುತ್ತಾರೆ.

ಇಲ್ಲಿ ಒಂದು ಎಚ್ಚರ. ಪೌರಕಾರ್ಮಿಕರು ಸ್ವಯಂಸೇವಕರಲ್ಲ, ಅದು ಅವರ ಉದ್ಯೋಗ. ಅವರ ಫೋಟೋ ಖಂಡಿತ ತೆಗೆಯಿರಿ, ಆದರೆ ‘ನಿಸ್ವಾರ್ಥ ಸೇವೆ’ ಎಂಬ ಹಣೆಪಟ್ಟಿ ಹಚ್ಚಬೇಡಿ. ಆಶಾ ಕಾರ್ಯಕರ್ತೆಯರ ವಿಷಯ ಇನ್ನೂ ಸೂಕ್ಷ್ಮ. ಸರ್ಕಾರದ ಕಡತದಲ್ಲಿ ಅವರು ಸ್ವಯಂಸೇವಕಿಯರು, ಸಿಗುವುದು ಗೌರವಧನ. ಅದನ್ನು ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತವರೂ ಅವರೇ. ತಮ್ಮನ್ನು ಏನೆಂದು ಕರೆಯಬೇಕು ಅಂತ ಅವರನ್ನೇ ಕೇಳಿ, ಅವರು ಹೇಳಿದ್ದನ್ನೇ ಬರೆಯಿರಿ.

ಕ್ಯಾಮೆರಾ ಇಲ್ಲದೆ ಒಂದು ಭೇಟಿ

ಮೊದಲ ಸಲ ಬರಿಗೈಲಿ ಹೋಗಿ, ಇಪ್ಪತ್ತು ನಿಮಿಷ ಕೂತು ಬನ್ನಿ. ಮೂರು ವಿಷಯ ತಿಳಿದರೆ ಸಾಕು: ಕೆಲಸ ಎಷ್ಟು ಹೊತ್ತಿಗೆ ಎಲ್ಲಿ ನಡೆಯುತ್ತದೆ, ಕೈಯಲ್ಲಿ ಏನಿರುತ್ತದೆ, ಆ ಹೊತ್ತಿಗೆ ಅಲ್ಲಿ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ.

ಹೆಸರನ್ನು ಅವರ ಕೈಯಲ್ಲೇ ನಿಮ್ಮ ಪುಸ್ತಕದಲ್ಲಿ ಬರೆಸಿಕೊಳ್ಳಿ. ಈ ಇಡೀ ಕೆಲಸದಲ್ಲಿ ಆಗುವ ಅತಿ ದೊಡ್ಡ ತಪ್ಪು ಫೋಟೋದ್ದಲ್ಲ, ಹೆಸರಿನದ್ದು. ಲಕ್ಷ್ಮಮ್ಮ ಬೇರೆ, ಲಕ್ಷ್ಮೀದೇವಮ್ಮ ಬೇರೆ, ಇನಿಷಿಯಲ್ ಮುಂದೆಯೋ ಹಿಂದೆಯೋ, ಶ, ಷ, ಸ, ಣ, ನ. ನಮ್ಮ ಊರಲ್ಲಿ ತಮಿಳು, ತೆಲುಗು, ಉರ್ದು ಮನೆಮಾತಿನವರ ಹೆಸರನ್ನು ಕಿವಿಗೆ ಬಿದ್ದಂತೆ ಕನ್ನಡದಲ್ಲಿ ಬರೆದು ಕೆಡಿಸುವುದು ಮಾಮೂಲು. ಅವರು ಕನ್ನಡ ಓದದವರಾದರೆ ನೀವು ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಮನೆಯಲ್ಲಿ ಕನ್ನಡ ಬಲ್ಲ ಮಕ್ಕಳಿದ್ದರೆ ತೋರಿಸಿ.

ಒಪ್ಪಿಗೆ ಪತ್ರ ಒಂದೇ ಪುಟ ಇರಲಿ, ಅವರು ಓದುವ ಭಾಷೆಯಲ್ಲಿರಲಿ. ನಾಲ್ಕು ಪ್ರಶ್ನೆಗೆ ಬೇರೆ ಬೇರೆ ಗುರುತು ಹಾಕಿಸಿ: ಪ್ರದರ್ಶನದಲ್ಲಿ ತೋರಿಸಬಹುದೇ, ಮುದ್ರಿತ ಪುಸ್ತಕದಲ್ಲಿ ಬಳಸಬಹುದೇ, ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಬಹುದೇ, ಅಂತರ್ಜಾಲಕ್ಕೆ ಏರಿಸಬಹುದೇ. ನಾಲ್ಕನ್ನೂ ಸೇರಿಸಿ ಒಂದೇ ಸಹಿ ಹಾಕಿಸಿಕೊಂಡರೆ ನಾಳೆ ಜಗಳ. ಗೋಡೆಗೆ ಸೈ ಎಂದವರು ಇನ್‌ಸ್ಟಾಗ್ರಾಂ ಬೇಡ ಅನ್ನುವುದು ಬಹಳ ಸಹಜ. ಹದಿನೆಂಟು ತುಂಬದವರಿಗೆ ತಂದೆ ತಾಯಿಯ ಸಹಿಯೂ ಬೇಕು. ಮುದ್ರಣಕ್ಕೆ ಹೋಗುವ ದಿನದವರೆಗೆ ಮನಸ್ಸು ಬದಲಿಸಬಹುದು ಎಂಬ ಸಾಲನ್ನು ಬಿಡಬೇಡಿ.

ಬಟ್ಟೆಯ ಮಾತು ಈ ಭೇಟಿಯಲ್ಲೇ ಆಗಲಿ. “ದಿನಾ ಕೆಲಸಕ್ಕೆ ಬರೋ ಬಟ್ಟೇಲೇ ಬನ್ನಿ” ಎಂದರೂ ಹೆಚ್ಚಿನವರು ಇಸ್ತ್ರಿ ಮಾಡಿದ ಅಂಗಿ, ರೇಷ್ಮೆ ಸೀರೆಯಲ್ಲೇ ಬರುತ್ತಾರೆ. ಅದನ್ನು ತಪ್ಪೆನ್ನಬೇಡಿ, ಫೋಟೋ ಎಂದರೆ ಅವರಿಗೆ ಗೌರವದ ಸಂಗತಿ. ಎರಡೂ ತೆಗೆಯಿರಿ. ಗೋಡೆಗೆ ಯಾವುದು ಎಂಬುದನ್ನು ಕೊನೆಗೆ ಅವರೇ ಹೇಳಲಿ.

ಬೆಳಕು

ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರ, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಉಳಿದ ದಿನಗಳಲ್ಲೂ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗಿನ ಬಿಸಿಲು ಮುಖಕ್ಕೆ ಆಗದು: ಕಣ್ಣಿನ ಗುಳಿ ಕಪ್ಪಾಗುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ, ಹಣೆ ಮಿರಮಿರ ಮಿಂಚುತ್ತದೆ. ಬೆಳಿಗ್ಗೆ 8ರೊಳಗೆ, ಇಲ್ಲವೇ ಸಂಜೆ ಐದರ ನಂತರ ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡ ಮುಸುಕಿದ ದಿನಗಳಲ್ಲಿ ಇಡೀ ಆಕಾಶವೇ ಮೆದು ದೀಪ, ಯಾವ ಹೊತ್ತಾದರೂ ನಡೆಯುತ್ತದೆ. ಮಳೆ ಬರಬಹುದೆಂದು ಕಾರ್ಯಕ್ರಮ ಮುಂದೂಡುವವರು ಒಳ್ಳೆಯ ಬೆಳಕನ್ನೇ ಕಳೆದುಕೊಳ್ಳುತ್ತಾರೆ.

ಮಧ್ಯಾಹ್ನವೇ ಗತಿ ಎಂದಾದರೆ ಮನೆಯ ಪೋರ್ಟಿಕೋ, ದೇವಸ್ಥಾನದ ಜಗಲಿ, ಅಂಗಡಿಯ ಶಟರ್ ಬಾಗಿಲು ಹುಡುಕಿ. ನೆರಳಿನ ಅಂಚಿನಿಂದ ಎರಡು ಮೂರು ಅಡಿ ಒಳಗೆ, ಮುಖ ಹೊರಗಿನ ಬೆಳಕಿಗೆ ತಿರುಗಿಸಿ ನಿಲ್ಲಿಸಿ. ತೀರ ಒಳಗೆ ಹೋದರೆ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಉಳಿಯುವುದಿಲ್ಲ, ಮುಖ ಸತ್ತಂತೆ ಕಾಣುತ್ತದೆ. ಒಂದು ಕೆನ್ನೆ ಬಹಳ ಕಪ್ಪಾದರೆ 2×3 ಅಡಿಯ ಬಿಳಿ ಥರ್ಮಾಕೋಲ್ ಹಾಳೆಯನ್ನು ಆ ಬದಿಗೆ ಎರಡಡಿ ದೂರದಲ್ಲಿ ಹಿಡಿಸಿ. ಅದು ಸಿಗದಿದ್ದರೆ ಯಾರದೋ ಬಿಳಿ ಪಂಚೆ, ಮಡಿಚಿ ಎರಡು ಪದರ ಮಾಡಿದರೆ ಸಾಕು.

ಮರದ ಕೆಳಗಿನ ನೆರಳನ್ನು ನಂಬಬೇಡಿ. ಎಲೆಗಳ ಸಂದಿಯಿಂದ ಬೀಳುವ ಬಿಸಿಲಿನ ತೇಪೆಗಳು ಮುಖದ ಮೇಲೆ ಬಿಳಿ ಕಲೆಗಳಾಗುತ್ತವೆ, ಯಾವ ಸಾಫ್ಟ್‌ವೇರ್‌ನಿಂದಲೂ ಸುಲಭವಾಗಿ ಹೋಗುವುದಿಲ್ಲ. ಸುತ್ತ ಹುಲ್ಲಿದ್ದರೆ ಗದ್ದ, ಕುತ್ತಿಗೆ ಹಸಿರಿಗೆ ತಿರುಗುತ್ತವೆ. ಇದನ್ನು ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್‌ನಲ್ಲಿ ಸ್ವಲ್ಪ ಮಜೆಂಟಾ ಕಡೆಗೆ ಸರಿಸಿ ತಕ್ಕಮಟ್ಟಿಗೆ ಸರಿಮಾಡಬಹುದು. ನೀಲಿ ಟಾರ್ಪಾಲಿನ ಕೆಳಗೆ ಅಥವಾ ಕೆಂಪು ಶಾಮಿಯಾನದೊಳಗೆ ತೆಗೆದದ್ದಕ್ಕೆ ಮದ್ದಿಲ್ಲ. ಮುಖಕ್ಕೆ ಬರುವ ಬೆಳಕೇ ಒಂದು ಬಣ್ಣದ್ದಾದಾಗ ಚರ್ಮದ ಉಳಿದ ಬಣ್ಣಗಳು ಕ್ಯಾಮೆರಾದಲ್ಲಿ ದಾಖಲಾಗಿಯೇ ಇರುವುದಿಲ್ಲ. ಹೊರಗೆ ಕರೆದುಕೊಂಡು ಬನ್ನಿ.

ಕಪ್ಪು ಮೈಬಣ್ಣದವರು ಬಿಳಿ ಅಂಗಿ ಪಂಚೆಯಲ್ಲಿ ಬಂದಾಗ ಕ್ಯಾಮೆರಾ ಬಿಳಿಯನ್ನು ನೋಡಿ ಮೋಸಹೋಗುತ್ತದೆ. ಚಿತ್ರವನ್ನೇ ಮಬ್ಬಾಗಿಸಿ ಮುಖವನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಬೆಳಕಿನ ಅಳತೆ ಕೆನ್ನೆಯ ಮೇಲೆ ಇರಲಿ. ಫೋನಿನಲ್ಲಾದರೆ ಮುಖದ ಮೇಲೆ ಒತ್ತಿ ಹಿಡಿದು ಫೋಕಸ್ ಭದ್ರಪಡಿಸಿ, ಸೂರ್ಯನ ಗುರುತನ್ನು ಬೆರಳಿನಿಂದ ಹದಕ್ಕೆ ತನ್ನಿ. ಅಂಗಿಯ ಮಡಿಕೆ ಕಾಣುವಷ್ಟು ಬಿಳಿ ಉಳಿದಿದೆಯೇ ನೋಡಿ. ಎರಡೂ ಒಟ್ಟಿಗೆ ಸಿಗದಿದ್ದರೆ ತಪ್ಪು ಬೆಳಕಿನದು, ಇನ್ನೂ ಮೆದುವಾದ ಜಾಗಕ್ಕೆ ಹೋಗಿ.

ಇನ್ನೊಂದು ನಮ್ಮಲ್ಲೇ ಕಾಣುವ ಸಮಸ್ಯೆ ಪೌಡರ್. ಫೋಟೋ ಎಂದ ಕೂಡಲೇ ಮುಖಕ್ಕೆ ಪೌಡರ್ ಹಾಕಿಕೊಂಡು ಬರುವವರು ಬಹಳ. ಕಣ್ಣಿಗೆ ಗೊತ್ತಾಗದ ಆ ಪದರ ಫ್ಲ್ಯಾಶ್ ಬಿದ್ದೊಡನೆ ಬೂದಿಬಣ್ಣಕ್ಕೆ ತಿರುಗುತ್ತದೆ, ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ. “ಸೆಕೆ ಜಾಸ್ತಿ ಅಮ್ಮ, ಮುಖ ಒಂದ್ಸಲ ಒರೆಸ್ಕೊಂಡ್ಬಿಡಿ” ಎಂದು ಒದ್ದೆ ಕರವಸ್ತ್ರ ಕೊಡಿ. ಅಷ್ಟೇ ಹೇಳಿ, ಪೌಡರಿನ ಮಾತೆತ್ತಬೇಡಿ.

ಕ್ಯಾಮೆರಾ, ಲೆನ್ಸ್, ಫೋನು

ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಗೆ 85 ಎಂಎಂ, ಸಣ್ಣ ಸೆನ್ಸರಿನದಕ್ಕೆ 50 ಎಂಎಂ ಮುಖಚಿತ್ರಕ್ಕೆ ಹದ. ಕೆಲಸದ ಜಾಗವೂ ಕಾಣಬೇಕೆಂದರೆ 35 ಎಂಎಂ. ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಪೂರ್ತಿ ತೆರೆದು ಹಿನ್ನೆಲೆ ಮಸುಕು ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ 85 ಎಂಎಂ ಲೆನ್ಸನ್ನು ಎಫ್/1.8ರಲ್ಲಿಟ್ಟು ಒಂದೂವರೆ ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿರುವ ಆಳ ಬರೀ ಮೂರು ಸೆಂಟಿಮೀಟರ್: ಕಣ್ಣು ಚೂಪು, ಕಿವಿ ಮಸುಕು, ಕೈಯಲ್ಲಿ ಹಿಡಿದ ಕಸದ ಕುಕ್ಕೆ ಏನೆಂದೇ ತಿಳಿಯದು. ಎಫ್/4ಕ್ಕೆ ತಂದು ಎರಡು ಮೀಟರ್ ದೂರ ಹೋದರೆ ಸುಮಾರು 13 ಸೆಂಟಿಮೀಟರ್ ಸಿಗುತ್ತದೆ. ಕೆಲಸದ ವಸ್ತು ಕಾಣಬೇಕಾದ ಚಿತ್ರಕ್ಕೆ ಎಫ್/5.6. ಶಟರ್ ವೇಗ ಸೆಕೆಂಡಿನ 1/200ಕ್ಕಿಂತ ಇಳಿಯದಿರಲಿ, ವಯಸ್ಸಾದವರ ಕೈ ತಲೆ ಸಣ್ಣಗೆ ಅಲುಗುತ್ತವೆ. ಸಮುದಾಯ ಭವನದೊಳಗಿನ ಎಲ್ಇಡಿ, ಟ್ಯೂಬ್‌ಲೈಟ್ ಕೆಳಗೆ ಮಾತ್ರ 1/100ಕ್ಕೆ ಇಳಿಸಿ. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಶಟರ್ ಅದಕ್ಕಿಂತ ವೇಗವಾದರೆ ಚಿತ್ರದಲ್ಲಿ ಅಡ್ಡಪಟ್ಟೆಗಳು ಬರುತ್ತವೆ.

ಫೋನು ಬಳಸುವವರು ಮೊದಲು ಲೆನ್ಸನ್ನು ಒರೆಸಿ. ಮಬ್ಬು ಚಿತ್ರಗಳಲ್ಲಿ ಅರ್ಧಕ್ಕರ್ಧ ಬೆರಳಿನ ಜಿಡ್ಡಿನ ಕೃಪೆ. 2ಎಕ್ಸ್ ಅಥವಾ 3ಎಕ್ಸ್ ಲೆನ್ಸ್ ಇದ್ದರೆ ಅದನ್ನೇ ಬಳಸಿ, ಎರಡು ಮೀಟರ್ ದೂರ ನಿಲ್ಲಿ. 1ಎಕ್ಸ್‌ನಲ್ಲಿ ಹತ್ತಿರ ಹೋದರೆ ಮೂಗು ದಪ್ಪ, ಕಿವಿ ಸಣ್ಣ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಪೊರಕೆಯ ಕಡ್ಡಿ, ಮುಡಿದ ಮಲ್ಲಿಗೆ, ಕನ್ನಡಕದ ಅಂಚುಗಳಲ್ಲಿ ಎಡವುತ್ತದೆ. ಮುದ್ರಿಸಿದಾಗ ಕತ್ತರಿಯಿಂದ ಕೊರೆದಂತೆ ಕಾಣುತ್ತದೆ. ಬ್ಯೂಟಿ ಫಿಲ್ಟರ್ ಸೆಟ್ಟಿಂಗ್ ಎಷ್ಟೋ ಫೋನುಗಳಲ್ಲಿ ತಾನಾಗಿಯೇ ಚಾಲೂ ಇರುತ್ತದೆ, ಹುಡುಕಿ ಆರಿಸಿ. ಬೆಳ್ಳಗೆ ಮಾಡಿದ ಮುಖ ಅವರದಲ್ಲ.

ಹನ್ನೆರಡು ಜನಕ್ಕೂ ಒಂದೇ ಲೆನ್ಸ್, ಒಂದೇ ದೂರ, ಕ್ಯಾಮೆರಾ ಅವರ ಕಣ್ಣಿನ ಎತ್ತರದಲ್ಲಿ. ಕೂತವರನ್ನು ನಿಂತು ತೆಗೆಯಬೇಡಿ, ನೀವೂ ಮಂಡಿಯೂರಿ. ಚೌಕಟ್ಟಿನಲ್ಲಿ ಕಣ್ಣುಗಳ ಸ್ಥಾನವೂ ಒಂದೇ ಇರಲಿ, ಮೇಲಿನಿಂದ ಮೂರನೇ ಒಂದು ಭಾಗ. ನಿವೃತ್ತ ಅಧಿಕಾರಿಯ ಮುಖ, ಇಡ್ಲಿ ಗಾಡಿಯ ಅಕ್ಕನ ಮುಖ ಒಂದೇ ಅಳತೆಯಲ್ಲಿ ಅಕ್ಕಪಕ್ಕ ನಿಲ್ಲಬೇಕು.

ನಿಲ್ಲಿಸುವುದು, ಮಾತಾಡಿಸುವುದು

ಒಬ್ಬರಿಗೆ ಅರ್ಧ ಗಂಟೆ ಸಾಕು. ಹಿರಿಯರು ಕ್ಯಾಮೆರಾ ಕಂಡೊಡನೆ ರೇಷನ್ ಕಾರ್ಡಿನ ಫೋಟೋಗೆ ನಿಂತಂತೆ ಕೈ ಕೆಳಗಿಳಿಸಿ ನೆಟ್ಟಗೆ ನಿಲ್ಲುತ್ತಾರೆ. ತಿದ್ದಲು ಹೋಗಬೇಡಿ, ಆ ಚಿತ್ರವನ್ನು ಮೊದಲು ತೆಗೆಯಿರಿ. ಹತ್ತರಲ್ಲಿ ಎರಡು ಸಲ ಅದೇ ಕೊನೆಗೆ ಗೋಡೆ ಏರುತ್ತದೆ, ಆ ನಿಲುವಿನಲ್ಲಿ ಒಂದು ಘನತೆ ಇದೆ. ಆಮೇಲೆ ಕೆಲಸ ಮಾಡುತ್ತಿರುವಂತೆ ಹತ್ತು ನಿಮಿಷ, ಕೆಲಸ ನಿಲ್ಲಿಸಿ ನಿಮ್ಮತ್ತ ತಿರುಗಿದಂತೆ ಹತ್ತು ನಿಮಿಷ. ಕೈಗಳದ್ದೊಂದು ಬೇರೆಯಾಗಿ ಇರಲಿ.

“ನಗಿ, ನಗಿ” ಎಂದರೆ ಹಲ್ಲು ಕಾಣುತ್ತದೆ, ನಗು ಬರುವುದಿಲ್ಲ. ಕೆಲಸದ ಬಗ್ಗೆಯೇ ಕೇಳಿ. ಕೆರೆಯ ಕಾಲುವೆಗೆ ಹಾಕಿದ ಜಾಲರಿಯ ಕಸ ತೆಗೆಯುವವರಿಗೆ “ಈ ಜಾಲರೀಲಿ ಇಲ್ಲೀವರೆಗೆ ಸಿಕ್ಕಿರೋ ವಿಚಿತ್ರ ವಸ್ತು ಯಾವುದು ಅಣ್ಣಾ?” ಎಂದರೆ ಉತ್ತರ ಹೇಳಿ ಮುಗಿಸಿದ ಮರುಕ್ಷಣ ಮುಖ ಸಡಿಲವಾಗುತ್ತದೆ. ಒತ್ತಬೇಕಾದ್ದು ಆಗ. ಸೂಚನೆಗಳು ಚಿಕ್ಕದಾಗಿರಲಿ: “ಗದ್ದ ಸ್ವಲ್ಪ ಮುಂದಕ್ಕೆ, ಹಾಗೇ ಒಂಚೂರು ಕೆಳಕ್ಕೆ.” ಬಲಗಡೆ ಎಡಗಡೆ ಎನ್ನುವ ಬದಲು “ಆ ಗೇಟ್ ಕಡೆ ನೋಡಿ” ಎನ್ನಿ, ಗೊಂದಲವಿಲ್ಲ. ಸೆರಗು, ಜಡೆ, ಕಾಲರ್ ಸರಿಪಡಿಸಲು ಕೈ ಚಾಚಬೇಡಿ. ಹೆಂಗಸರ ಫೋಟೋ ತೆಗೆಯುವಾಗ ಜೊತೆಗೆ ಒಬ್ಬ ಹೆಣ್ಣುಮಗಳು ಇರಲಿ, ಹೇಳಬೇಕಾದ್ದನ್ನು ಆಕೆ ಹೇಳಲಿ.

ಪದೇ ಪದೇ ಕಣ್ಣು ಮಿಟುಕಿಸುವವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮೂರು ಎಣಿಸಿ, ತೆರೆದೊಡನೆ ಒತ್ತಿ. ಕನ್ನಡಕದಲ್ಲಿ ಆಕಾಶ ಹೊಳೆದರೆ ಅದರ ಕಡ್ಡಿಗಳನ್ನು ಕಿವಿಯ ಮೇಲಿಂದ ಅರ್ಧ ಇಂಚು ಎತ್ತಿಸಿ, ಗಾಜು ಕೆಳಮುಖವಾಗಿ ಹೊಳಪು ಜಾರುತ್ತದೆ. ಬಿಸಿಲಿಗೆ ಕಪ್ಪಾಗುವ ಗಾಜಾದರೆ ಐದು ನಿಮಿಷ ಮನೆಯೊಳಗೆ ಕೂರಿಸಿ ಕಾಯಿರಿ. ಕನ್ನಡಕ ತೆಗೆಸಬೇಡಿ, ಊರಿನವರು ಗುರುತು ಹಿಡಿಯುವುದು ಅದರ ಜೊತೆಗೇ.

ಕೆಲವು ಕೆಲಸಗಳಿಗೆ ಬೇರೆ ಲೆಕ್ಕ

ಸಂಚಾರ ನಿಯಂತ್ರಣಕ್ಕೆ ನಿಲ್ಲುವವರ ರಿಫ್ಲೆಕ್ಟರ್ ಜಾಕೆಟ್ ಫೋಟೋಗ್ರಾಫರನ ಶತ್ರು. ಅದರ ಪಟ್ಟಿಗಳು ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಎಸೆಯುತ್ತವೆ. ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಇದ್ದರೆ ಪಟ್ಟಿಗಳು ಸುಡುವ ಬಿಳಿಯಾಗಿ, ಆ ಹೊಳಪಿಗೆ ಹೆದರಿ ಕ್ಯಾಮೆರಾ ಫ್ಲ್ಯಾಶ್ ಕಡಿಮೆ ಮಾಡಿ, ಮುಖ ಕತ್ತಲಾಗುತ್ತದೆ. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ, ಒಂದು ಬದಿಗೆ ಕನಿಷ್ಠ 45 ಡಿಗ್ರಿ ಕೋನದಲ್ಲಿ, ಬಿಳಿ ಛತ್ರಿಯೊಳಗಿಂದ ಹಾಯಿಸಿ. ಶಕ್ತಿಯನ್ನು ಕೈಯಾರೆ ಹೊಂದಿಸಿ. ಫೋನಾದರೆ ಫ್ಲ್ಯಾಶ್ ಆರಿಸಿ, ಅಷ್ಟೇ.

ಕೆರೆಯ ಬಳಿ, ಜಕ್ಕೂರಾಗಲಿ ಕೈಕೊಂಡರಹಳ್ಳಿಯಾಗಲಿ, ಡಿಸೆಂಬರ್ ಜನವರಿಯ ಬೆಳಿಗ್ಗೆ ಸೂರ್ಯ ಹುಟ್ಟುವುದೇ ಆರೂವರೆಯ ಸುಮಾರಿಗೆ. ಅದಕ್ಕಿಂತ ಅರ್ಧ ಗಂಟೆ ಮೊದಲೇ ಅಲ್ಲಿರಿ. ನೀರು ಹಿನ್ನೆಲೆಯಲ್ಲಿ ಹೊಳೆಯುವುದರಿಂದ ಮುಖ ಕಪ್ಪಾಗುತ್ತದೆ. ನೀರಿಗೆ ಬೆನ್ನು ಕೊಟ್ಟು ನಿಲ್ಲಿಸುವ ಬದಲು ಏರಿಯ ಮೇಲೆ ಓರೆಯಾಗಿ ನಿಲ್ಲಿಸಿ. ಮಂಕಿ ಟೋಪಿ, ಸ್ವೆಟರ್ ತೆಗೆಸುವ ಗೋಜು ಬೇಡ.

ಬೀದಿನಾಯಿಗಳಿಗೆ ಊಟ ಹಾಕುವವರು ಸಿಗುವುದು ರಾತ್ರಿ. ಬೀದಿದೀಪದ ನೇರ ಕೆಳಗೆ ನಿಂತರೆ ಮಧ್ಯಾಹ್ನದ ಬಿಸಿಲಿನ ಕಥೆಯೇ ಮತ್ತೆ. ಕಂಬದಿಂದ ಎಂಟು ಹತ್ತು ಅಡಿ ಆಚೆ, ಮುಖ ದೀಪದ ಕಡೆ ಎತ್ತಿದಂತೆ ನಿಲ್ಲಿಸಿ, ಅಥವಾ ತೆರೆದಿರುವ ಮೆಡಿಕಲ್ ಶಾಪಿನ ಎದುರು. ಆ ಅಂಗಡಿಗಳ ಬಿಳಿ ಬೋರ್ಡು ಒಳ್ಳೆಯ ಸ್ಟುಡಿಯೋ ದೀಪದಷ್ಟೇ ಕೆಲಸ ಮಾಡುತ್ತದೆ. ನಾಯಿಗಳಿಗೆ ಫ್ಲ್ಯಾಶ್ ಹೊಡೆಯಬೇಡಿ. ಜಾಗದ ಗುರುತು ಸಿಗುವ ಬೋರ್ಡು ಚಿತ್ರದಲ್ಲಿ ಬೇಡ, ಊಟ ಹಾಕುವ ಜಾಗದ ಬಗ್ಗೆ ಅಕ್ಕಪಕ್ಕದವರ ತಕರಾರು ಇದ್ದೇ ಇರುತ್ತದೆ.

ಹಾವು ಹಿಡಿಯುವವರನ್ನು ಹಾವಿನೊಂದಿಗೆ ನಿಲ್ಲಿಸಬೇಡಿ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಬರುತ್ತವೆ ಎಂಬುದು ಒಂದು. ಫೋಟೋಗಾಗಿ ಒಂದು ನಿಮಿಷ ಹೆಚ್ಚು ಹಿಡಿದುಕೊಂಡಾಗಲೇ ಕಚ್ಚುವುದು ಎಂಬುದು ಇನ್ನೊಂದು. ಕೊಕ್ಕೆ, ಚೀಲ, ಹೆಲ್ಮೆಟ್, ಸ್ಕೂಟರ್ ಸಾಕು. ಊಟ ಹಂಚುವವರ ಚಿತ್ರದಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರ ಮುಖ ಬರಬಾರದು. ಮನೆಯಲ್ಲಿ ಹಿಂಸೆಗೊಳಗಾದ ಹೆಂಗಸರ ನೆರವಿಗೆ ಹೋಗುವವರಿದ್ದರೆ ಅವರ ಮುಖವೂ ಬೇಡವಾಗಬಹುದು: ಕೈಗಳು, ಮೇಜಿನ ಮೇಲಿನ ಫೋನು, ಕಿಟಕಿ, ಇಷ್ಟರಲ್ಲೇ ಭಾವಚಿತ್ರ ಆಗುತ್ತದೆ.

ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎರಡೂ ತೋಟಗಾರಿಕೆ ಇಲಾಖೆಯವು. ಸ್ಟ್ಯಾಂಡು, ಛತ್ರಿ, ದೀಪ ಹಿಡಿದು ಹೋದರೆ ಕಾವಲುಗಾರರು ತಡೆಯುತ್ತಾರೆ, ಮೊದಲೇ ಕಚೇರಿಯಲ್ಲಿ ಕೇಳಿಕೊಳ್ಳಿ.

ಆಯ್ಕೆ, ತಿದ್ದುವುದು, ಮುದ್ರಣ

ನೂರು ಚಿತ್ರಗಳಿಂದ ಮೂರಕ್ಕೆ ಇಳಿಸುವುದು ನಿಮ್ಮ ಕೆಲಸ, ಮೂರರಿಂದ ಒಂದನ್ನು ಆರಿಸುವುದು ಅವರದು. ಅವರು ಆರಿಸುವುದು ನಿಮಗೆ ಇಷ್ಟವಾದದ್ದಲ್ಲದೆ ಇರಬಹುದು. ಬಿಡಿ.

ತಿದ್ದುವಾಗ ಒಂದು ನಿಯಮ: ಎರಡು ವಾರದಲ್ಲಿ ತಾನಾಗಿ ಹೋಗುವ ಮೊಡವೆ, ಗಾಯ ತೆಗೆಯಬಹುದು, ಮಚ್ಚೆ, ಸುಕ್ಕು, ಹಳೆಯ ಗಾಯದ ಗುರುತು ಮುಟ್ಟಬಾರದು. ಬಣ್ಣದ ಗಾಢತೆ ಹೆಚ್ಚಿಸಿದರೆ ಕುಂಕುಮ ಮೊದಲು ಹಾಳಾಗುತ್ತದೆ, ಅಂಚಿಲ್ಲದ ಕೆಂಪು ಮುದ್ದೆಯಾಗುತ್ತದೆ.

ಕಪ್ಪು ಬಿಳುಪು ಮಾಡುವ ಮೊದಲು ಎರಡು ಸಲ ಯೋಚಿಸಿ. ಕಲೆಯ ದೃಷ್ಟಿಯಿಂದ ಚೆನ್ನಾಗಿಯೇ ಇರುತ್ತದೆ. ಆದರೆ ನಮ್ಮ ಬೀದಿಗಳಲ್ಲಿ ದೊಡ್ಡದಾಗಿ ಮುದ್ರಿಸಿದ ಕಪ್ಪು ಬಿಳುಪು ಮುಖ ಎಂದರೆ ಶ್ರದ್ಧಾಂಜಲಿ. “ನಾನಿನ್ನೂ ಇದೀನಲ್ಲಪ್ಪಾ” ಎಂದು ಅಜ್ಜಿ ನಗುತ್ತಲೇ ಹೇಳಿದರೂ ಮನೆಯವರಿಗೆ ಕಸಿವಿಸಿ. ಬಣ್ಣದಲ್ಲೇ ಮುದ್ರಿಸಿ.

ಗೋಡೆಗೆ 12×18 ಇಂಚು, ಮನೆಗೆ 8×12 ಇಂಚು. ದೊಡ್ಡದಕ್ಕೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 3600×5400 ಬೇಕು. ಮೂರಡಿ ದೂರದಿಂದ ನೋಡುವಾಗ ಇಂಚಿಗೆ 200 ಇದ್ದರೂ ವ್ಯತ್ಯಾಸ ತಿಳಿಯದು, ಹಾಗಾಗಿ 12 ಮೆಗಾಪಿಕ್ಸೆಲ್ ಫೋನಿನ ಪೂರ್ಣ ಚಿತ್ರ ಸಾಲುತ್ತದೆ. ಆದರೆ ಫೋನಿನ ಚಿತ್ರ 4:3 ಆಕಾರದ್ದು, ಮುದ್ರಣ 3:2. ಕಿರಿದಾದ ಬದಿಯಲ್ಲಿ ಒಂಬತ್ತರಲ್ಲಿ ಒಂದು ಪಾಲು ಕತ್ತರಿಸಿ ಹೋಗುತ್ತದೆ. ತೆಗೆಯುವಾಗಲೇ ಆ ಎರಡು ಅಂಚುಗಳಲ್ಲಿ ಜಾಗ ಬಿಡಿ, ಇಲ್ಲದಿದ್ದರೆ ಲ್ಯಾಬಿನವರು ಮೊಣಕೈ ಕತ್ತರಿಸುತ್ತಾರೆ. ಲ್ಯಾಬಿಗೆ ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಕುಗ್ಗುತ್ತದೆ, 18 ಇಂಚಿಗೆ ಅದು ಏನೇನೂ ಸಾಲದು. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಕೊಂಡೊಯ್ಯಿರಿ. ಕಡತ ಎಸ್ಆರ್‌ಜಿಬಿ ಎಂಬ ಮಾಮೂಲಿ ಬಣ್ಣದ ಸೆಟ್ಟಿಂಗ್‌ನಲ್ಲಿರಲಿ, ‘ಆಟೋ ಕರೆಕ್ಷನ್ ಬೇಡ’ ಎಂದು ಬರೆದೇ ಕೊಡಿ. ಹೇಳದಿದ್ದರೆ ಮುಖ ಬೆಳ್ಳಗಾಗಿ ಬರುತ್ತದೆ. ಹನ್ನೆರಡನ್ನೂ ಮುದ್ರಿಸುವ ಮೊದಲು ಅತಿ ಕಪ್ಪು ಮೈಬಣ್ಣದ ಒಂದು ಚಿತ್ರ, ಬಿಳಿ ಬಟ್ಟೆಯ ಒಂದು ಚಿತ್ರ ಸಣ್ಣದಾಗಿ ಮುದ್ರಿಸಿ ಹಗಲು ಬೆಳಕಿನಲ್ಲಿ ನೋಡಿ. ಕಾಗದ ಹೊಳಪು ಕಡಿಮೆ ಇರುವ ಮ್ಯಾಟ್ ಅಥವಾ ಲಸ್ಟರ್. ಗ್ಲಾಸಿಯಲ್ಲಿ ಭವನದ ಟ್ಯೂಬ್‌ಲೈಟ್‌ಗಳೇ ಕಾಣುತ್ತವೆ. 5 ಎಂಎಂ ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ಮೇಲೆ ಅಂಟಿಸಿ. 3 ಎಂಎಂ ಬೋರ್ಡು ಬಿಸಿಲಿಗೆ ಬಾಗುತ್ತದೆ.

ಅಡಿಬರಹ

ನಲವತ್ತು ಪದ ಮೀರಬಾರದು. ‘ಸಮಾಜಮುಖಿ’, ‘ಕಾಯಕಯೋಗಿ’, ‘ಎಲೆಮರೆಯ ಕಾಯಿ’ ಇವೆಲ್ಲ ಆಹ್ವಾನ ಪತ್ರಿಕೆಯ ಮಾತು, ಯಾರಿಗೆ ಬೇಕಾದರೂ ಅಂಟುತ್ತವೆ, ಹಾಗಾಗಿ ಯಾರ ಬಗ್ಗೆಯೂ ಏನೂ ಹೇಳುವುದಿಲ್ಲ. ಬದಲಿಗೆ ಹೀಗೆ ಬರೆಯಿರಿ: “ಪ್ರತಿ ಭಾನುವಾರ ಬೆಳಿಗ್ಗೆ 7ರಿಂದ 9. ಕೆರೆಗೆ ನೀರು ಬರುವ ಕಾಲುವೆಯ ಜಾಲರಿಗೆ ಸಿಕ್ಕ ಕಸ ಬಿಡಿಸುತ್ತಾರೆ. ಕೊಕ್ಕೆ ಮನೆಯಲ್ಲೇ ಮಾಡಿದ್ದು: ಬಿದಿರಿನ ಗಳಕ್ಕೆ ಕಟ್ಟಿದ ಸೀಲಿಂಗ್ ಫ್ಯಾನಿನ ರಾಡು. ವೃತ್ತಿ ಟೈಲರಿಂಗ್.” ಹೆಸರು ಮೇಲೆ, ದೊಡ್ಡದಾಗಿ. ಬರೆದದ್ದನ್ನು ಮುದ್ರಿಸುವ ಮೊದಲು ಅವರಿಗೆ ಓದಿ ಹೇಳಿ.

ತೂಗುಹಾಕುವುದು, ಒಪ್ಪಿಸುವುದು

ಸರ್ಕಲ್‌ನಲ್ಲಿ ಫ್ಲೆಕ್ಸ್ ಕಟ್ಟುವ ಆಲೋಚನೆ ಬೇಡ. ಹೈಕೋರ್ಟ್ 2018ರಲ್ಲಿ ತರಾಟೆಗೆ ತೆಗೆದುಕೊಂಡ ಮೇಲೆ ಪಾಲಿಕೆ ನಗರದ ಫ್ಲೆಕ್ಸ್‌ಗಳನ್ನು ಕೀಳಿಸಿತ್ತು. ಸಾರ್ವಜನಿಕ ಜಾಗದ ಅಂದಗೆಡಿಸುವುದರ ವಿರುದ್ಧ 1981ರ ಕಾಯ್ದೆಯೇ ಇದೆ. ಸಮುದಾಯ ಭವನ, ಗ್ರಂಥಾಲಯ, ಸರ್ಕಾರಿ ಶಾಲೆಯ ವರಾಂಡ, ಅಪಾರ್ಟ್‌ಮೆಂಟಿನ ಲಾಬಿ ಕೇಳಿ ಪಡೆಯಿರಿ. ಚಿತ್ರದ ನಡುಮಧ್ಯ ನೆಲದಿಂದ 56 ಇಂಚು ಎತ್ತರದಲ್ಲಿರಲಿ, ಮಕ್ಕಳೂ ಅಜ್ಜಿಯರೂ ನೋಡುವಂತೆ. ಸಾಲು ಅಕಾರಾದಿಯಲ್ಲಿ, ಯಾರು ಮೊದಲು ಎಂಬ ತಂಟೆ ಅಲ್ಲಿಗೇ ಮುಗಿಯಿತು. ಪ್ರಾಯೋಜಕರ ಲೋಗೋ ಬಾಗಿಲ ಬಳಿ ಒಂದೇ ಬೋರ್ಡಿನಲ್ಲಿ, ಚಿತ್ರಗಳ ಮೇಲಲ್ಲ. ರಾಜ್ಯೋತ್ಸವದ ಹೊತ್ತಿಗೆ ಹಿಂಗಾರಿನ ಮಳೆ ಇರುತ್ತದೆ, ತೆರೆದ ವರಾಂಡದಲ್ಲಾದರೆ ಸೂರಿನ ಅಂಚಿನಿಂದ ಮೂರಡಿ ಒಳಗೆ ಕಟ್ಟಿ.

ಉದ್ಘಾಟನೆಯ ದಿನ ಕಾಯಬೇಕಾದ ಒಂದು ವಿಷಯವಿದೆ. ಉತ್ಸಾಹದಲ್ಲಿ ಯಾರಾದರೂ ಚಿತ್ರಗಳಿಗೆ ಹೂವಿನ ಹಾರ ಹಾಕಿಬಿಡುತ್ತಾರೆ, ಇಲ್ಲವೇ ಅವುಗಳ ಮುಂದೆಯೇ ದೀಪ ಹಚ್ಚುತ್ತಾರೆ. ಬದುಕಿರುವವರ ಫೋಟೋಗೆ ಹಾರ ಬಿದ್ದರೆ ಏನರ್ಥ ಎಂದು ಬಿಡಿಸಿ ಹೇಳಬೇಕಿಲ್ಲ. ದೀಪದ ಕಂಬ ಬೇರೆ ಮೂಲೆಯಲ್ಲಿ, ಭುವನೇಶ್ವರಿಯ ಪಟದ ಮುಂದೆ ಇಡಿಸಿ, ಹೂವೆಲ್ಲ ಅಲ್ಲಿಗೇ ಹೋಗಲಿ. ಅತಿಥಿ ತಡವಾದರೆ ಕಾಯಬೇಡಿ. ಪ್ರತಿಯೊಬ್ಬರ ಅಡಿಬರಹವನ್ನು ಅವರಿಂದ ನೆರವು ಪಡೆದ ಅಥವಾ ಅವರೊಡನೆ ದುಡಿದ ಒಬ್ಬರು ಗಟ್ಟಿಯಾಗಿ ಓದಲಿ, ಹನ್ನೆರಡಕ್ಕೂ ಸೇರಿ ಕಾಲು ಗಂಟೆ ಸಾಕು. ಮನೆಯವರೊಡನೆ ಅವರವರ ಚಿತ್ರದ ಪಕ್ಕ ನಿಲ್ಲಿಸಿ ಒಂದು ಫೋಟೋ ತೆಗೆಯಿರಿ, ಈ ಸಲ ತಲೆ ಎತ್ತಿಸಿ.

ಎರಡು ಮೂರು ಜನ ಬಂದಿರುವುದಿಲ್ಲ. ಡ್ಯೂಟಿ ಇರುತ್ತದೆ, ಅಥವಾ ವೇದಿಕೆ ಎಂದರೆ ಸಂಕೋಚ. ಅವರ 8×12ನ್ನು ಅದೇ ವಾರ ಮನೆಗೆ ತಲುಪಿಸಿ, ಮೂಲ ಕಡತವನ್ನೂ ಅವರ ಫೋನಿಗೆ ಡಾಕ್ಯುಮೆಂಟ್ ಆಗಿ ಕಳಿಸಿ. ಚೌಕಟ್ಟು ಹಾಕಿಸುವಾಗ ಹಿಂಬದಿಗೆ ಕೊಂಡಿಯ ಜೊತೆಗೆ ಸ್ಟ್ಯಾಂಡೂ ಇರುವಂಥದ್ದನ್ನೇ ಕೇಳಿ. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಾಡಿಗೆ ಮನೆಯವರಿರಬಹುದು, ಮಾಲೀಕರು ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ. ಸ್ಟ್ಯಾಂಡ್ ಇದ್ದರೆ ಟಿವಿಯ ಪಕ್ಕ ಕೂರುತ್ತದೆ. ಇಲ್ಲದಿದ್ದರೆ ಬೀರುವಿನ ಮೇಲೆ, ಪ್ಲಾಸ್ಟಿಕ್ ಕವರಿನಲ್ಲೇ ಉಳಿಯುತ್ತದೆ.